ಅಪ್ಪರ್ ಮಾರ್ಲಿಂಗಿನ ಕಾಲುದಾರಿ

ಇಪ್ಪತ್ತಾರು ವರ್ಷ ನಾನು ಬೇರೆಯವರ ಹೊಲ, ಹಿತ್ತಲು, ಕುರಿ ಮೇಯುವ ಬಯಲುಗಳಲ್ಲಿ ನಡೆದಾಡಿ ಸಂಬಳ ಪಡೆದೆ. ಲಂಡನ್ನಿನ ಅಂಚಿನ ಒಂದು ಕೌನ್ಸಿಲ್‌ನಲ್ಲಿ ಎಂದರೆ ಇಲ್ಲಿಯ ಪುರಸಭೆಯಲ್ಲಿ, ನಾನು ಕಾಲುದಾರಿಗಳ ಅಧಿಕಾರಿಯಾಗಿದ್ದೆ. ಈ ದೇಶದಲ್ಲಿ ಜನ ಹಿಂದಿನಿಂದ ನಡೆದು ಬಂದ ಕಾಲುದಾರಿಗೆ, ಅದು ಖಾಸಗಿ ಜಮೀನಿನಲ್ಲಿ ಹಾದುಹೋದರೂ, ಕಾನೂನಿನ ರಕ್ಷಣೆಯಿದೆ. ಅಂಥ ದಾರಿಗಳನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತು ಮಾಡಿ ಇಡಬೇಕು. ಯಾರಾದರೂ ಅಡ್ಡ ಬೇಲಿ ಹಾಕಿದರೆ ತೆಗೆಸಬೇಕು. ನಕ್ಷೆಯಲ್ಲಿ ಇಲ್ಲದ ದಾರಿಯೊಂದು ಇದೆ ಎಂದು ಯಾರಾದರೂ ಬಂದರೆ ಹೌದೋ ಅಲ್ಲವೋ ವಿಚಾರಿಸಬೇಕು. ಇಷ್ಟೇ ಕೆಲಸ.

ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಮೈಸೂರು ಕಡೆಯ ಒಬ್ಬ ಹುಡುಗಿ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದಳು. ಇಂಥದೇ ಕೆಲಸಕ್ಕೆ ಈಗಷ್ಟೇ ಸೇರಿದ್ದಾಳಂತೆ. ಏನು ಓದಿಕೊಳ್ಳಬೇಕು ಆಂಟಿ ಎಂದು ಕೇಳಿದಳು. ಮೊದಲು ಒಳ್ಳೆಯ ಬೂಟು ತೊಗೋ ಎಂದೆ. ತಮಾಷೆ ಎಂದುಕೊಂಡು ನಕ್ಕಳು. ಅವಳು ನಕ್ಕಿದ್ದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ವಿಜಯಪುರದವಳು. ಮದುವೆಯಾಗಿ ಲಂಡನ್ನಿನ ಹೌನ್ಸ್ಲೋಗೆ ಬಂದೆ. ನಮ್ಮ ಯಜಮಾನರು ಬಸವರಾಜ ಪಾಟೀಲರು ಪಾರ್ಕ್ ರಾಯಲ್‌ನ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಇದ್ದರು. ನಾನು ಕೌನ್ಸಿಲ್ ಕಚೇರಿಯಲ್ಲಿ ಟೈಪಿಸ್ಟ್. ಕಾಲುದಾರಿ ಅಧಿಕಾರಿಯ ಜಾಗ ಖಾಲಿಯಾದಾಗ ಅದಕ್ಕೆ ಅರ್ಜಿ ಹಾಕಿದವಳು ನಾನೊಬ್ಬಳೇ, ಯಾಕೆಂದರೆ ಅದರಲ್ಲಿ ಮಳೆಯಲ್ಲಿ ನೆನೆಯುವುದೂ ಸೇರಿತ್ತು. ಆ ಸಂಜೆ ಯಜಮಾನರಿಗೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ ಅಂದರು, “ಅಲ್ಲ, ಊರಾಗ ನಿಮ್ಮಪ್ಪನ ಹೊಲದಾಗ ಒಂದ ದಿನ ಕಾಲಿಡಲಿಲ್ಲ ನೀ. ಇಲ್ಲಿ ಬಂದು ಮಂದಿ ಹೊಲ ತುಳದು ಪಗಾರ ತಗೋತೀಯೇನು?”

ಅವರ ಮಾತು ನಿಜವಾಗಿತ್ತು. ಮೊದಲ ವಾರವೇ ಒಂದು ದಾರಿ ಮಾಯವಾಗಿದೆ ಎಂದು ದೂರು ಬಂತು. ನಕ್ಷೆ ಹಿಡಿದು, ಉದ್ದನೆಯ ಕೋಲಿನ ತುದಿಗೆ ಚಕ್ರವಿರುವ ಅಳತೆಯ ಸಾಧನ ತಳ್ಳಿಕೊಂಡು ಹೊರಟೆ. ಓಕ್ ಮರದ ಹತ್ತಿರ ಎಡಕ್ಕೆ ತಿರುಗಬೇಕು ಎಂದಿತ್ತು. ಬೇವಿನ ಮರ ಒಂದನ್ನು ಬಿಟ್ಟರೆ ಜಗತ್ತಿನ ಎಲ್ಲ ಮರವೂ ನನಗೆ ಒಂದೇ ಮರ. ಯಾವುದೋ ಮರದ ಹತ್ತಿರ ಎಡಕ್ಕೆ ತಿರುಗಿ, ಒಂದು ಬೇಲಿ ದಾಟಿ, ಯಾರದೋ ಹುಟ್ಟುಹಬ್ಬದ ಪಾರ್ಟಿಯ ನಡುವೆ ಹೊರಬಿದ್ದೆ. ಹುಲ್ಲಿನ ಮೇಲೆ ಮೇಜು, ಟೋಪಿ ಹಾಕಿದ ಹೆಂಗಸರು. ಮನೆಯೊಡತಿ ನನ್ನನ್ನು ನೋಡಿ, ಅಂತೂ ಬಂದಿರಲ್ಲ, ಸಮೋಸ ಎಲ್ಲಿ ಎಂದು ಕೇಳಿದಳು. ನಾನು ಕೌನ್ಸಿಲ್ ಅಧಿಕಾರಿ, ನಿಮ್ಮ ಹುಲ್ಲುಹಾಸು ಸಾರ್ವಜನಿಕ ಕಾಲುದಾರಿ ಎಂದು ಬಹಳ ಗತ್ತಿನಿಂದ ಹೇಳಿದೆ. ಅದು ಕಾಲುದಾರಿ ಆಗಿರಲಿಲ್ಲ. ಮರುದಿನ ಕ್ಷಮಾಪಣೆ ಪತ್ರವನ್ನು ನಾನೇ ಟೈಪ್ ಮಾಡಬೇಕಾಯಿತು. ಟೈಪಿಸ್ಟ್ ಆಗಿದ್ದದ್ದು ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು.

ನನ್ನ ಮೇಲಧಿಕಾರಿ ಮಿಸ್ಟರ್ ಕೋಲ್ಮನ್ ಆ ಪತ್ರಕ್ಕೆ ಸಹಿ ಹಾಕುವಾಗ ಒಂದು ಮಾತೂ ಬೈಯಲಿಲ್ಲ. ಅವರು ಒಳ್ಳೆಯ ಮನುಷ್ಯ. ಕಾಲುದಾರಿಗಳ ವಿಭಾಗದ ಮುಖ್ಯಸ್ಥರಾಗಿ ಎಷ್ಟೋ ವರ್ಷವಾಗಿದ್ದರೂ ಒಂದು ಕಾಲುದಾರಿಯ ಮೇಲೂ ಕಾಲಿಟ್ಟವರಲ್ಲ ಎಂದು ಪ್ರತೀತಿ. ಜಗಳದ ಫೈಲು ಬಂದರೆ ಅದನ್ನು ಕಿಟಕಿಯ ಪಕ್ಕದ ರಾಶಿಯ ತಳಕ್ಕೆ ಸೇರಿಸುತ್ತಿದ್ದರು. ಅದು ಹಣ್ಣಾಗಲಿ ಎನ್ನುತ್ತಿದ್ದರು. ಕೆಲವು ನಿಜಕ್ಕೂ ಹಣ್ಣಾಗುತ್ತಿದ್ದವು, ಜಗಳವಾಡುವವರಲ್ಲಿ ಒಬ್ಬರು ಮನೆ ಮಾರಿಕೊಂಡು ಹೋಗುತ್ತಿದ್ದರು.

ಹಣ್ಣಾಗದೆ ಉಳಿದ ಒಂದು ಫೈಲು ಅಪ್ಪರ್ ಮಾರ್ಲಿಂಗಿನದು.

ಅಪ್ಪರ್ ಮಾರ್ಲಿಂಗ್ ನಮ್ಮ ಕೌನ್ಸಿಲ್‌ನ ತೀರಾ ದಕ್ಷಿಣದ ತುದಿಯ ಹಳ್ಳಿ. ಹೆಸರಿನಲ್ಲಿ ಅಪ್ಪರ್ ಇದ್ದರೂ ಊರು ಇರುವುದು ತಗ್ಗಿನಲ್ಲಿ. ಲೋಯರ್ ಮಾರ್ಲಿಂಗ್ ಎಂಬ ಊರು ಎಲ್ಲೂ ಇಲ್ಲ. ಒಂದು ಚರ್ಚು, ಒಂದು ಕೆರೆ, ಒಂದು ಪಬ್ಬು, ಸುಮಾರು ಐವತ್ತು ಮನೆ. ಚರ್ಚಿನ ಗೋಪುರ ಅರ್ಧಕ್ಕೇ ನಿಂತಿದೆ. ಕಟ್ಟುವವರು ಯಾವುದೋ ಕಾಲದಲ್ಲಿ ಊಟಕ್ಕೆ ಹೋದವರು ಇನ್ನೂ ಬಂದಿಲ್ಲ ಎಂದು ಪಬ್ಬಿನಲ್ಲಿ ಹೇಳುತ್ತಾರೆ. ಲಂಡನ್ನಿನ ಕೆಂಪು ಬಸ್ಸು ಅಲ್ಲಿಯವರೆಗೂ ಹೋಗುತ್ತದೆ. ಆದರೆ ಊರಿನವರು ತಾವು ಲಂಡನ್ನಿನಲ್ಲಿ ಇದ್ದೇವೆ ಎಂದು ಒಪ್ಪುವುದಿಲ್ಲ. ನಾವು ಕಳಿಸಿದ ಕಾಗದದ ಮೇಲಿನ ಲಂಡನ್ ಎಂಬ ಪದವನ್ನು ಗೀಟು ಹಾಕಿ ಹೊಡೆದು, ಹಳೆಯ ಜಿಲ್ಲೆಯ ಹೆಸರು ಬರೆದು, ಅದರ ಹಿಂಬದಿಯಲ್ಲೇ ಉತ್ತರ ಬರೆದು ಕಳಿಸುತ್ತಿದ್ದರು. ಪಾಟೀಲ ಎಂಬ ನನ್ನ ಹೆಸರನ್ನೂ ಪಟೇಲ್ ಎಂದು ತಿದ್ದುತ್ತಿದ್ದರು. ಐದಾರು ಸಲ ಸರಿಪಡಿಸಿ ನೋಡಿದೆ. ಅವರು ಲಂಡನ್ನನ್ನೇ ಒಪ್ಪದವರು, ನನ್ನ ಹೆಸರು ಯಾವ ಲೆಕ್ಕ ಎಂದು ಬಿಟ್ಟೆ.

ಮೊದಲ ಸಲ ಅಲ್ಲಿಗೆ ಹೋದಾಗ ದಾರಿಯ ಹೊಲದಲ್ಲಿ ಒಂದು ಹೋರಿ ನಿಂತಿತ್ತು. ಬೇಲಿಯಾಚೆ ಊರಿನ ನಾಲ್ಕು ಜನ, ಈ ಇಂಡಿಯನ್ ಹೆಂಗಸು ಏನು ಮಾಡುತ್ತಾಳೆ ನೋಡೋಣ ಎಂದು ಕಾಯುತ್ತಿದ್ದರು. ವಿಜಯಪುರದಲ್ಲಿ ಹೋರಿಗಳು ನಮ್ಮ ಓಣಿಯಲ್ಲೇ ಮಲಗುತ್ತಿದ್ದವು. ನಾನು ಹೊಯ್ ಹೊಯ್ ಎಂದು ನಾಲಿಗೆ ಚಟ್ ಎನ್ನಿಸಿ ಅದರ ಪಕ್ಕೆ ತಟ್ಟಿ ಸರಿಸಿ ಮುಂದೆ ಹೋದೆ. ಆ ಗೌರವ ಉಳಿದದ್ದು ಸರಿಯಾಗಿ ಹತ್ತು ನಿಮಿಷ. ಪಬ್ಬಿನ ಮುಂದೆ ಬೆಕ್ಕಿನಷ್ಟು ದೊಡ್ಡದಾದ ಒಂದು ನಾಯಿ ಬೊಗಳುತ್ತ ಬಂದದ್ದೇ, ನಾನು ಚರ್ಚಿನ ಕಟ್ಟೆಯ ಮೇಲಿದ್ದೆ. ಹೇಗೆ ಹತ್ತಿದೆನೋ ನೆನಪಿಲ್ಲ. ಇಳಿಸಲು ಇಬ್ಬರು ಬೇಕಾಯಿತು.

ಇಳಿಸಿದವರಲ್ಲಿ ಒಬ್ಬರು ಮಿಸ್ಟರ್ ಹಾರ್ಡಿಂಗ್. ನಿವೃತ್ತ ಭೂಗೋಳದ ಮೇಷ್ಟ್ರು, ಊರಿನ ಚರಿತ್ರೆ ಬರೆದವರು. ಲೋಯರ್ ಮಾರ್ಲಿಂಗ್ ಹಳೆಯ ಕಾಲದ ಯಾವುದೋ ಪಿಡುಗಿಗೆ ಸಿಕ್ಕಿ ಅಳಿಯಿತು ಎಂಬುದು ಅವರ ಸಿದ್ಧಾಂತ. ಇನ್ನೊಬ್ಬರು ಮಿಸ್ ಟಲ್ಲಿ, ಎಂಬತ್ತನಾಲ್ಕರ ಮುದುಕಿ, ಆ ಊರಲ್ಲೇ ಹುಟ್ಟಿದವರು. ಅಂಥ ಊರು ಇರಲೇ ಇಲ್ಲ, ಯಾವನೋ ಗುಮಾಸ್ತ ನಿದ್ದೆಗಣ್ಣಲ್ಲಿ ಅಪ್ಪರ್ ಎಂದು ಬರೆದ, ಯಾರೂ ತಿದ್ದಲಿಲ್ಲ ಎಂಬುದು ಅವರ ಸಿದ್ಧಾಂತ. ಇಬ್ಬರೂ ನನ್ನನ್ನು ಇಳಿಸುತ್ತಲೇ ಈ ವಿಷಯದಲ್ಲಿ ಜಗಳವಾಡಿದರು.

ಆದರೆ ನಾನು ಹೋದ ಕಾರಣದ ಬಗ್ಗೆ ಇಬ್ಬರದೂ ಒಂದೇ ಮಾತು. ಮಿಸ್ ಟಲ್ಲಿ ಇದ್ದದ್ದು ಊರಿನ ಹಿಂದುಗಡೆಯ ಆರು ಸಣ್ಣ ಮನೆಗಳ ಸಾಲಿನಲ್ಲಿ. ಬಸ್ ಸ್ಟಾಪು ಮುಂದುಗಡೆ. ನಡುವೆ ಎರಡು ದೊಡ್ಡ ಮನೆ, ಒಂದು ಹಾರ್ಡಿಂಗರದು, ಅದಕ್ಕೆ ತಗುಲಿಕೊಂಡೇ ಇನ್ನೊಂದು. ಆ ಎರಡನೆಯ ಮನೆಯ ತೋಟದ ಅಂಚಿನಲ್ಲಿ, ಬೇಲಿಯ ಪಕ್ಕದಲ್ಲೇ ಜನ ಬಸ್ ಸ್ಟಾಪಿಗೆ ನಡೆದು ಹೋಗುತ್ತಿದ್ದರು. ಮನೆಯೊಡತಿ ಮಿಸೆಸ್ ಲಾಂಗ್ ತೀರಿಕೊಂಡ ಮೇಲೆ ಬ್ಲೇಕ್ ಎಂಬವರು ಮನೆ ಕೊಂಡು, ಗೇಟು ಹಾಕಿ ಬೀಗ ಜಡಿದರು. ಈಗ ಮಿಸ್ ಟಲ್ಲಿ ಡಾಕ್ಟರ ಹತ್ತಿರ ಹೋಗಲು ಬಸ್ಸು ಹಿಡಿಯಬೇಕಾದರೆ ಸುತ್ತಿ ಬಳಸಿ ರಸ್ತೆಯಲ್ಲೇ ನಡೆಯಬೇಕು. ಆ ರಸ್ತೆಗೆ ಫುಟ್‌ಪಾತ್ ಇಲ್ಲ. ತಿರುವಿನಲ್ಲಿ ವ್ಯಾನುಗಳು ಮೈಮೇಲೆ ಬಂದಂತೆ ಬರುತ್ತವೆ. ನಾನೇ ಒಮ್ಮೆ ಅವರ ಜೊತೆ ನಡೆದು ನೋಡಿದೆ. ಮೂರು ಸಲ ಇಬ್ಬರೂ ಮುಳ್ಳಿನ ಬೇಲಿಗೆ ಅಂಟಿಕೊಂಡು ನಿಂತೆವು.

ಬ್ಲೇಕ್ ಅವರನ್ನೂ ಕಂಡೆ. ರಾಕ್ಷಸನನ್ನು ನಿರೀಕ್ಷಿಸಿದ್ದೆ. ಸಿಕ್ಕಿದ್ದು ಸಪ್ಪೆ ಮುಖದ, ಮೆತ್ತಗೆ ಮಾತಾಡುವ ಮನುಷ್ಯ. ಮೂವತ್ತು ವರ್ಷ ಫೋನುಗಳು ಕಿರುಚುವ ಕೋಣೆಯಲ್ಲಿ ಕೆಲಸ ಮಾಡಿದವರಂತೆ. ಕಿಟಕಿಯಿಂದ ನೋಡಿದರೆ ಒಬ್ಬ ಮನುಷ್ಯನೂ ಕಾಣದಂಥ ಮನೆ ಬೇಕಾಗಿತ್ತು, ಅದಕ್ಕೇ ಇದನ್ನು ಕೊಂಡೆ ಎಂದರು. ನಕ್ಷೆಯಲ್ಲಿ ಇಲ್ಲಿ ದಾರಿ ಇಲ್ಲ ಎಂದೂ ಹೇಳಿದರು. ಅದೂ ನಿಜವೇ.

ನಕ್ಷೆಯಲ್ಲಿ ಇಲ್ಲದಿದ್ದರೂ ಮುಚ್ಚುವುದಕ್ಕೆ ಹಿಂದಿನ ಇಪ್ಪತ್ತು ವರ್ಷ ಜನ ಬಿಡದೆ ನಡೆದಿದ್ದರೆ ದಾರಿ ದಾರಿಯೇ. ಆದರೆ ಒಂದು ಷರತ್ತು ಇದೆ. ಬೀಗ ಒಡೆದು ನಡೆದಿರಬಾರದು, ಕದ್ದು ನಡೆದಿರಬಾರದು, ಅನುಮತಿ ಕೇಳಿಯೂ ನಡೆದಿರಬಾರದು. ಹಕ್ಕಿದೆ ಎಂಬಂತೆ ನಡೆದಿರಬೇಕು. ಅದಕ್ಕೆ ಊರಿನವರಿಂದ ಫಾರ್ಮು ತುಂಬಿಸುತ್ತೇವೆ. ಹಾರ್ಡಿಂಗ್ ಮೇಷ್ಟ್ರು ಮನೆಮನೆಗೆ ಹೋಗಿ ನಲವತ್ತೊಂದು ಫಾರ್ಮು ತಂದರು. ಎಷ್ಟು ಕಾಲದಿಂದ ನಡೆಯುತ್ತಿದ್ದೀರಿ ಎಂಬ ಪ್ರಶ್ನೆಗೆ ಒಬ್ಬರು “ಮಂಡಿ ನೋವು ಬರುವವರೆಗೆ” ಎಂದು ಬರೆದಿದ್ದರು. ದಾರಿಯ ಬಗ್ಗೆ ವಿಶೇಷ ನೆನಪು ಎಂಬಲ್ಲಿ ಒಬ್ಬ ಹೆಂಗಸು, ನನ್ನ ಗಂಡ ಮದುವೆಯಾಗುತ್ತೀಯಾ ಎಂದು ಕೇಳಿದ್ದು ಅಲ್ಲೇ, ಅಂದಿನಿಂದ ಅವನು ಆ ದಾರಿಯಲ್ಲಿ ಹೋಗುವುದಿಲ್ಲ ಎಂದು ಬರೆದಿದ್ದಳು. ಒಂದು ಫಾರ್ಮು ನಾಯಿಯ ಹೆಸರಲ್ಲಿತ್ತು. ನನ್ನನ್ನು ಕಟ್ಟೆ ಹತ್ತಿಸಿದ ನಾಯಿ ಅದೇ. ಸಹಿಯ ಜಾಗದಲ್ಲಿ ಕೆಸರಿನ ಪಂಜ.

ಈಗಿನವರಿಗೆ ಈ ಫಾರ್ಮಿನ ಗೋಜಿಲ್ಲ. ಎಲ್ಲ ಕಂಪ್ಯೂಟರಿನಲ್ಲಿ. ನನ್ನ ಕಾಲದ ಕೊನೆಗೇ ಕೈಯಲ್ಲಿ ಹಿಡಿಯುವ ಜಿಪಿಎಸ್ ಬಂದಿತ್ತು. ಒಮ್ಮೆ ಅದು, ಗಟ್ಟಿ ನೆಲದ ಮೇಲೆ ನಿಂತ ನನ್ನನ್ನು ಕೆರೆಯ ನಡುವೆ ನಿಂತಿದ್ದೀ ಎಂದಿತು. ಕೋಲ್ಮನ್ ಕಚೇರಿಯಲ್ಲಿ ಕೂತು ಅದನ್ನೇ ನಂಬಿ, ನೀರು ಆಳವಿದೆಯೇ ಎಂದು ಫೋನಿನಲ್ಲಿ ಕೇಳಿದರು. ಆಕಾಶದಿಂದ ತೆಗೆದ ಚಿತ್ರಗಳೂ ಬಂದವು. ಅದರಲ್ಲಿ ಮರದ ತಲೆ ಕಾಣುತ್ತದೆ, ಮರದ ಕೆಳಗಿನ ದಾರಿ ಕಾಣುವುದಿಲ್ಲ. ಯುಗಾದಿಯ ಆ ಹುಡುಗಿಗೆ ಬೂಟು ತೊಗೋ ಎಂದದ್ದು ಇದಕ್ಕೇ. ಹೋಗಿ ನಿಂತು ಒಬ್ಬೊಬ್ಬರ ಹತ್ತಿರ ಮಾತಾಡದಿದ್ದರೆ ಈ ಕೆಲಸ ಆಗುವುದಿಲ್ಲ.

ಮಾತಾಡಿದರೆ ಕೆಲಸ ಕೆಡುವುದೂ ಉಂಟು. ಮಿಸ್ ಟಲ್ಲಿಯ ಫಾರ್ಮಿನಲ್ಲಿ ಒಂದು ಸಾಲಿತ್ತು. ಮಿಸೆಸ್ ಲಾಂಗ್ ಯಾವಾಗಲೂ ಕಿಟಕಿಯಿಂದ ಕೈಬೀಸಿ, ಬಾರಮ್ಮ, ಧಾರಾಳವಾಗಿ ಹೋಗು ಎನ್ನುತ್ತಿದ್ದರು ಎಂದು. ಅದನ್ನು ಓದಿ ಫಾರ್ಮನ್ನು ಕೆಳಗಿಟ್ಟೆ. ಮನೆಯೊಡತಿ ಹೋಗು ಎಂದರೆ ಅದು ಅನುಮತಿ. ಅನುಮತಿ ಇದ್ದರೆ ಹಕ್ಕಿಲ್ಲ. ಆ ಪುಣ್ಯಾತ್ಗಿತ್ತಿ ಆ ಇಪ್ಪತ್ತು ವರ್ಷ ಮುಖ ಗಂಟಿಕ್ಕಿಕೊಂಡು ಸುಮ್ಮನಿದ್ದಿದ್ದರೆ ಊರಿಗೆ ದಾರಿ ಸಿಗುತ್ತಿತ್ತು. ಅವರ ಒಳ್ಳೆಯತನವೇ ದಾರಿ ಮುಚ್ಚಿಸಿತು.

ಮಿಸ್ ಟಲ್ಲಿಯ ಮನೆಗೆ ಹೋದೆ. ಅಧಿಕಾರಿ ಕೇಳಬಾರದ ರೀತಿಯಲ್ಲೇ ಕೇಳಿದೆ, ಅವರು ಸುಮ್ಮನೆ ಕೈಬೀಸಿರಬಹುದೇ, ಮಾತು ನಿಮಗೆ ಸರಿಯಾಗಿ ಕೇಳಿಸದೆ ಇರಬಹುದೇ ಎಂದು.

ಮಿಸ್ ಟಲ್ಲಿ ಹೇಳಿದರು, “ನನಗೆ ಅರ್ಥವಾಯಿತು, ಮಿಸೆಸ್ ಪಟೇಲ್. ಆದರೆ ಅವರು ಹಾಗೆ ಹೇಳುತ್ತಿದ್ದರು. ಪ್ರತಿಸಲವೂ ಹೇಳುತ್ತಿದ್ದರು. ಈಗ ಅವರು ಸತ್ತಿದ್ದಾರೆ, ಅವರ ಮಾತನ್ನು ನಾನು ಹೇಗೆ ಬದಲಾಯಿಸಲಿ?”

ವಿಚಾರಿಸಿದರೆ ಇತರರಿಗೂ ಮಿಸೆಸ್ ಲಾಂಗ್ ಅದನ್ನೇ ಹೇಳುತ್ತಿದ್ದರು. ನಲವತ್ತೊಂದು ಫಾರ್ಮು, ನಾಯಿಯದೂ ಸೇರಿ, ಬಿದ್ದುಹೋದವು. ಊರಿನ ಸಭೆಯಲ್ಲಿ ನಾನೇ ಎದ್ದು ನಿಂತು ಇದನ್ನು ಹೇಳಬೇಕಾಯಿತು. ಯಾರೂ ಕೂಗಾಡಲಿಲ್ಲ. ಇಂಗ್ಲಿಷ್ ಹಳ್ಳಿಯವರು ಸಿಟ್ಟು ಬಂದರೆ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಆ ದಿನ ಮುಕ್ಕಾಲು ಗಂಟೆ ಹವಾಮಾನದ ಬಗ್ಗೆ ಮಾತಾಯಿತು.

ಹಾರ್ಡಿಂಗ್ ಮೇಷ್ಟ್ರು ಮಾತ್ರ ಎದ್ದು, ಮಾಲೀಕನಿಗೆ ತೊಂದರೆಯಾಗುತ್ತದೆ ಎಂಬ ಕಾರಣಕ್ಕೆ ಜನರ ದಾರಿ ಮುಚ್ಚಲು ಬರುವುದಿಲ್ಲ, ಇನ್ನೂ ಹಳೆಯ ದಾಖಲೆ ಹುಡುಕುತ್ತೇನೆ ಎಂದರು. ಆಮೇಲೆ ನಾಲ್ಕು ತಿಂಗಳು ದಫ್ತರಖಾನೆಯಲ್ಲಿ ಕೂತರು. ವಾರಕ್ಕೊಮ್ಮೆ ನನಗೆ ಫೋನು ಮಾಡಿ, ಇವತ್ತು ಏನೂ ಸಿಗಲಿಲ್ಲ ಎಂದು ಬಹಳ ಉತ್ಸಾಹದಿಂದ ತಿಳಿಸುತ್ತಿದ್ದರು. ಒಂದು ವಾರ ಫೋನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಮೂರನೆಯ ವಾರ ಅವರೇ ಕಚೇರಿಗೆ ಬಂದರು. ಗಡ್ಡ ಬೋಳಿಸಿರಲಿಲ್ಲ. ಮೇಜಿನ ಮೇಲೆ ಒಂದು ದೊಡ್ಡ ನಕ್ಷೆಯ ಪ್ರತಿಯನ್ನು ಬಿಡಿಸಿ ನಾಲ್ಕು ಮೂಲೆಗೂ ನನ್ನ ಫೈಲುಗಳನ್ನು ಹೇರಿದರು. ಊರಿನ ಹುಲ್ಲುಗಾವಲನ್ನು ಪಾಲು ಮಾಡಿದ ಕಾಲದ್ದು, ಸರ್ಕಾರಿ ಮೊಹರು ಇದ್ದದ್ದು, ಅಲುಗಾಡದ ಸಾಕ್ಷ್ಯ. ಆರು ಮನೆಗಳ ಜಾಗದಿಂದ ಹಿಡಿದು ಮುಂದಿನ ರಸ್ತೆಯವರೆಗೆ ಸಾರ್ವಜನಿಕ ಕಾಲುದಾರಿ ಎಂದು ಚುಕ್ಕೆ ಚುಕ್ಕೆಯಾಗಿ ಬರೆದಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಮೇಷ್ಟ್ರಿಗೆ ಯಾಕೆ ಆಗಿಲ್ಲ ಎಂದು ನೋಡಿದೆ.

“ಚುಕ್ಕೆಗಳನ್ನು ಸರಿಯಾಗಿ ನೋಡಿ,” ಎಂದರು. “ಅದು ಬ್ಲೇಕ್ ಅವರ ತೋಟದಲ್ಲಿ ಇಲ್ಲ.”

ಈಗಿನ ನಕ್ಷೆಯನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದೆ. ಚುಕ್ಕೆಗಳು ಬೇಲಿಯಿಂದ ಹತ್ತು ಹೆಜ್ಜೆ ಈಚೆಗೆ ಬಂದು, ಹಾರ್ಡಿಂಗರ ಮನೆಗೆ ತಗುಲಿಸಿ ಕಟ್ಟಿದ ಗಾಜಿನ ಕೋಣೆಯ ಒಂದು ಕಡೆ ಒಳಹೊಕ್ಕು ಇನ್ನೊಂದು ಕಡೆ ಹೊರಬಂದಿದ್ದವು. ಚಳಿಗಾಲದ ಬಿಸಿಲಿಗೆ ಇಲ್ಲಿಯವರು ಅಂಥ ಕೋಣೆ ಕಟ್ಟಿಸಿಕೊಳ್ಳುತ್ತಾರೆ. ಮೇಷ್ಟ್ರು ತಮ್ಮ ಊರಿನ ಚರಿತ್ರೆಯನ್ನು ಬರೆದದ್ದು ಅಲ್ಲೇ ಕೂತು. ಆ ಮನೆ ಕಟ್ಟುವಾಗ ಹಳೆಯ ದಾರಿ ಅಡ್ಡ ಬಂತೆಂದು ಯಾರೋ ಜನರನ್ನು ಪಕ್ಕದ ತೋಟಕ್ಕೆ ದಾಟಿಸಿದ್ದಿರಬೇಕು. ಕಾನೂನಿನ ಪ್ರಕಾರ ಹಳೆಯ ದಾರಿ ಇನ್ನೂ ಹಾಗೇ ಇತ್ತು.

ಆ ನಕ್ಷೆಯನ್ನು ನೋಡಿದವರು ಜಗತ್ತಿನಲ್ಲಿ ಅವರೊಬ್ಬರೇ. ಸುರುಳಿ ಸುತ್ತಿ ಮತ್ತೆ ಕಪಾಟಿನಲ್ಲಿ ಇಟ್ಟಿದ್ದರೆ ಮುಗಿದಿತ್ತು. ಎರಡು ವಾರ ಫೋನು ಯಾಕೆ ಬರಲಿಲ್ಲ ಎಂದು ನನಗೆ ತಿಳಿಯಿತು. 

ಅವಸರ ಬೇಡ, ನಮ್ಮ ನಕ್ಷೆ ಬದಲಾಗುವವರೆಗೆ ಯಾರೂ ನಿಮ್ಮನ್ನು ಒತ್ತಾಯಿಸುವುದಿಲ್ಲ ಎಂದೆ. ಕೋಲ್ಮನ್ ಅಂತೂ ಫೈಲನ್ನು ಆಗಲೇ ರಾಶಿಯ ತಳಕ್ಕೆ ತಳ್ಳಲು ಎತ್ತಿಕೊಂಡಿದ್ದರು. ಮೇಷ್ಟ್ರು ಬೇಡವೆಂದರು. ಮಾಲೀಕನ ತೊಂದರೆ ಕಾರಣವಲ್ಲ ಎಂದು ಸಭೆಯಲ್ಲಿ ಹೇಳಿದವನು ನಾನು, ಈಗ ಮಾಲೀಕ ನಾನೇ ಆಗಿದ್ದೇನೆ ಎಂದರು. ಮರುದಿನ ಗಾಜಿನ ಕೋಣೆಯ ಎರಡೂ ಬಾಗಿಲು ತೆಗೆದಿಟ್ಟು, ಕುರ್ಚಿಗಳನ್ನು ಗೋಡೆಗೆ ಸರಿಸಿ, “ಸಾರ್ವಜನಿಕ ಕಾಲುದಾರಿ, ಹೂಕುಂಡ ಜೋಪಾನ” ಎಂದು ತಾವೇ ಬರೆದು ತೂಗುಹಾಕಿದರು.

ಮುಂದಿನ ಎಂಟು ತಿಂಗಳು ಇದ್ದಷ್ಟು ಚೆನ್ನಾಗಿ ಅಪ್ಪರ್ ಮಾರ್ಲಿಂಗ್ ಎಂದೂ ಇರಲಿಲ್ಲವಂತೆ. ಬಸ್ಸಿಗೆ ಹೋಗುವವರೆಲ್ಲ ಮೇಷ್ಟ್ರ ಗಾಜಿನ ಕೋಣೆ ಹಾದು ಹೋಗುತ್ತಿದ್ದರು. ಮೇಷ್ಟ್ರು ಪೇಪರ್ ಓದುತ್ತ ಕೂತಿದ್ದರೆ ಗುಡ್ ಮಾರ್ನಿಂಗ್ ಎನ್ನುತ್ತಿದ್ದರು, ಪದಬಂಧ ತುಂಬುತ್ತಿದ್ದರೆ ಹಿಂದಿನಿಂದ ಬಗ್ಗಿ ಉತ್ತರ ಹೇಳಿ ಹೋಗುತ್ತಿದ್ದರು. ಸುದ್ದಿ ಕೇಳಿ ದೂರದ ಯಾವುದೋ ನಡಿಗೆಯ ಸಂಘದ ಇಪ್ಪತ್ತೆರಡು ಜನ ಕೋಲು ಹಿಡಿದು ಸಾಲಾಗಿ ಬಂದರು. ಅವರು ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿ ಎರಡು ಹೂಕುಂಡ ಹೋದವು. ನಾಯಿಯೂ ದಿನಕ್ಕೆರಡು ಸಲ ತನ್ನ ಹಕ್ಕು ಚಲಾಯಿಸುತ್ತಿತ್ತು. ಮೇಷ್ಟ್ರು ಬೆಳಿಗ್ಗೆ ಸಂಜೆ ಕೆಸರು ಗುಡಿಸುತ್ತಿದ್ದರು. ಬೇಲಿಯಾಚೆಯಿಂದ ಬ್ಲೇಕ್ ಎಲ್ಲವನ್ನೂ ನೋಡುತ್ತಿದ್ದರು. ಅವರು ಗೆದ್ದಿದ್ದರು, ಆದರೆ ಕಿಟಕಿಯಿಂದ ಈಗ ಮೊದಲಿಗಿಂತ ಹೆಚ್ಚು ಜನ ಕಾಣುತ್ತಿದ್ದರು.

ಡಿಸೆಂಬರಿನ ಒಂದು ಬೆಳಿಗ್ಗೆ ಮಂಜು ಹೆಪ್ಪುಗಟ್ಟಿತ್ತು. ಗಾಜಿನ ಕೋಣೆಯಿಂದ ಹೊರಗೆ ಮೆಟ್ಟಿಲಿಳಿಯುವಾಗ ಮಿಸ್ ಟಲ್ಲಿ ಜಾರಿ ಬಿದ್ದರು. ಮುಂಗೈ ಮುರಿಯಿತು. ಮೇಷ್ಟ್ರು ಗಾಬರಿಯಲ್ಲಿ ಕನ್ನಡಕ ಹುಡುಕುತ್ತಿದ್ದರು. ಬೇಲಿ ಹಾರಿ ಬಂದು ಮಿಸ್ ಟಲ್ಲಿಯನ್ನು ಎತ್ತಿ, ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಬ್ಲೇಕ್.

ಇದು ನನಗೆ ತಿಳಿದದ್ದು ಮರುದಿನ ಬ್ಲೇಕ್ ಫೋನು ಮಾಡಿದಾಗ. ಆಸ್ಪತ್ರೆಯಲ್ಲಿ ಐದು ಗಂಟೆ ಕಾಯಬೇಕಾಯಿತಂತೆ. ಐದು ಗಂಟೆಯೂ ಮಿಸ್ ಟಲ್ಲಿ, ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಬ್ಲೇಕ್ ಅವರಿಗೆ ಅವರದೇ ಮನೆಯ ಚರಿತ್ರೆ ಹೇಳಿದರಂತೆ. ಯಾವ ಕೋಣೆಯಲ್ಲಿ ಹಂದಿ ಮರಿ ಹಾಕಿತು, ಯಾವ ಕಿಟಕಿಯಿಂದ ಯಾವ ಹುಡುಗಿ ಓಡಿಹೋದಳು, ಅವಳನ್ನು ಯಾಕೆ ಯಾರೂ ಹುಡುಕಲಿಲ್ಲ. ಮಿಸೆಸ್ ಲಾಂಗ್ ಗಂಡ ಸತ್ತ ಮೇಲೆ ಮೂರು ವರ್ಷ ಮನೆಯಿಂದ ಹೊರಗೆ ಬರಲಿಲ್ಲವಂತೆ. ದಾರಿಯಲ್ಲಿ ಹೋಗುವವರು ಕಿಟಕಿಗೆ ಕೈಬೀಸುತ್ತಿದ್ದರು, ಅವರಿಗೆ ದಿನಕ್ಕೆ ಅಷ್ಟೇ ಮಾತು. ಧಾರಾಳವಾಗಿ ಹೋಗು ಎನ್ನುವುದು ಶುರುವಾದದ್ದು ಆಗಲೇ ಅಂತೆ.

ಬ್ಲೇಕ್ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಆಮೇಲೆ ಕೇಳಿದರು, “ದಾರಿ ಬಿಟ್ಟುಕೊಡಬೇಕಾದರೆ ಯಾವ ಫಾರ್ಮು ತುಂಬಬೇಕು?”

ಅಷ್ಟು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಕೋಲ್ಮನ್ ಹತ್ತಿರ ಓಡಿದೆ. ಅವರು ಕನ್ನಡಕ ತೆಗೆದು, ಅಂಥ ಫಾರ್ಮು ಇದೆ ಎಂದು ಕೇಳಿದ್ದೇನೆ, ನೋಡಿಲ್ಲ ಎಂದರು. ಇಬ್ಬರೂ ನೆಲದ ಮೇಲೆ ಕೂತು ಕೆಳಗಿನ ಖಾನೆಯಿಂದ ಹುಡುಕಿ ತೆಗೆದೆವು. ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. “ಐದು ತಾಸು ಒಬ್ಬರ ಮಾತು ಒಬ್ಬರು ಕೇಳಿದ್ರಲ್ಲ, ಅದಕ್ಕ ಕೆಲಸ ಆತು. ನಿಮ್ಮ ಫಾರ್ಮಿನಿಂದ ಏನ ಆತು?” ಎಂದರು.  ಇನ್ನೊಂದು ರೊಟ್ಟಿ ಹಾಕಿದೆ.

ಹಳೆಯ ದಾರಿಯನ್ನು ಬ್ಲೇಕ್ ಅವರ ತೋಟದ ಅಂಚಿಗೆ ಕಾನೂನುಬದ್ಧವಾಗಿ ಸರಿಸಲು ಆದೇಶ ಹೊರಟಿತು. ಕಂಬಗಳಿಗೆ ನೋಟಿಸು ಕಟ್ಟಿದೆ. ಬಂದದ್ದು ಒಂದೇ ಆಕ್ಷೇಪಣೆ, ಆ ನಡಿಗೆಯ ಸಂಘದ್ದು. ಗಾಜಿನ ಕೋಣೆಯ ದಾರಿ ಐತಿಹಾಸಿಕ, ಅದನ್ನು ಹಾಗೇ ಉಳಿಸಬೇಕು ಎಂದು. ಒಡೆದ ಹೂಕುಂಡಗಳ ವಿಷಯವನ್ನು ನಾನು ಮರ್ಯಾದೆಯಿಂದ ನೆನಪಿಸಿ ಬರೆದ ಮೇಲೆ ವಾಪಸು ಪಡೆದರು.

ಆದೇಶ ಅಂತಿಮವಾದ ದಿನ ಅದರ ಪ್ರತಿಯನ್ನು ನಾನೇ ಹಾರ್ಡಿಂಗ್ ಮೇಷ್ಟ್ರಿಗೆ ಕೊಡಲು ಹೋದೆ. ಇನ್ನು ನಿಮ್ಮ ಬಾಗಿಲು ನೀವು ಹಾಕಿಕೊಳ್ಳಬಹುದು, ಯಾರಿಗೂ ಇಲ್ಲಿ ಹಕ್ಕಿಲ್ಲ ಎಂದೆ. ಅವರು ಕಾಗದವನ್ನು ಎರಡು ಸಲ ಓದಿದರು. ಎದ್ದು ಎರಡೂ ಬಾಗಿಲು ಹಾಕಿ ಚಿಲಕ ಜಡಿದರು. ಕುರ್ಚಿಯನ್ನು ಗೋಡೆಯಿಂದ ಎಳೆದು ಕೋಣೆಯ ನಡುವಿಗೆ ತಂದು ಕೂತರು.  ಆಚೆಗೆ ಬ್ಲೇಕ್ ಅವರ ಹೊಸ ಗೇಟು ಹಾರು ಹೊಡೆದಿತ್ತು, ನೆಲಕ್ಕೆ ಜಲ್ಲಿ ಹಾಸಿತ್ತು, ಜಾರುವ ಮೆಟ್ಟಿಲೊಂದೂ ಇರಲಿಲ್ಲ.

ಅಷ್ಟರಲ್ಲಿ ಗಾಜಿನ ಮೇಲೆ ಟಕ್ ಟಕ್ ಎಂದಿತು. ಮಿಸ್ ಟಲ್ಲಿ, ಗುಣವಾದ ಕೈಯಲ್ಲಿ ಚೀಲ ಹಿಡಿದು ನಿಂತಿದ್ದರು. ಬಾಗಿಲು ಯಾಕೆ ಹಾಕಿದೆ ಎಂದು ಹುಬ್ಬಿನಲ್ಲೇ ಕೇಳಿದರು.

ಮೇಷ್ಟ್ರು ನನ್ನ ಮುಖ ನೋಡಿದರು. ಅಧಿಕಾರಿಯಾಗಿ ನಾನು ಎದ್ದು, ದಾರಿ ಸರಿದಿದೆ, ಆ ಕಡೆಯಿಂದ ಹೋಗಿ ಎಂದು ಹೇಳಬೇಕಿತ್ತು. ನಾನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದೆ. ಕಟ್ಟುವುದಕ್ಕೆ ಸಾಕಷ್ಟು ಹೊತ್ತು ತೆಗೆದುಕೊಂಡೆ. ಚಿಲಕ ತೆಗೆದ ಸದ್ದು, ಕುರ್ಚಿಯನ್ನು ಮತ್ತೆ ಗೋಡೆಗೆ ಸರಿಸಿದ ಸದ್ದು ಕೇಳಿತು. ಆಮೇಲೆ ಮೇಷ್ಟ್ರು, “ಬನ್ನಿ, ಧಾರಾಳವಾಗಿ ಹೋಗಿ,” ಎಂದರು.

ಅದು ಸ್ಪಷ್ಟವಾದ ಅನುಮತಿ. ಹೀಗಾಗಿ ಇನ್ನು ಎಷ್ಟು ವರ್ಷ ನಡೆದರೂ ಅಲ್ಲಿ ಹಕ್ಕು ಹುಟ್ಟುವುದಿಲ್ಲ. ನಾನು ತಲೆ ಎತ್ತಿ ನೋಡುವಷ್ಟರಲ್ಲಿ ಮಿಸ್ ಟಲ್ಲಿ ಬಸ್ ಸ್ಟಾಪಿನಲ್ಲಿದ್ದರು.